ಇಂಗ್ಲಿಷಿನ ಮೊದಲ ಪಾಠಗಳು: ಕನ್ನಡದ ಮಕ್ಕಳಿಗೊಂದು ಪುನರಾವರ್ತನೆ

(ಸಂಘದ ವಾರ್ಷಿಕೋತ್ಸವದ ವಿದ್ಯಾರ್ಥಿಗೋಷ್ಠಿಯಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ಉತ್ಸವದಲ್ಲಿ ಇಂಗ್ಲಿಷ್ ವ್ಯಾಕರಣವನ್ನು ಕುರಿತು ಮಾತನಾಡಲು ನಿಂತವನನ್ನು ಕಂಡು ನಿಮ್ಮಲ್ಲಿ ಕೆಲವರಿಗೆ ಸೋಜಿಗವಾಗಿರಬಹುದು. ತಾಳಮದ್ದಳೆಗೂ ಕವಿಗೋಷ್ಠಿಗೂ ನಡುವೆ ಈ ಒಣ ವಿಷಯಕ್ಕೇನು ಸ್ಥಾನವೆಂದು ಕಾರ್ಯದರ್ಶಿಗಳನ್ನು ನಾನೂ ಕೇಳಿದೆ. ಅವರು ಹೇಳಿದರು: “ನಮ್ಮವರು ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸುವುದು ಕನ್ನಡದ ಮೇಲಿನ ಮುನಿಸಿನಿಂದಲ್ಲ, ಇಂಗ್ಲಿಷಿನ ಮೇಲಿನ ಹೆದರಿಕೆಯಿಂದ. ಆ ಹೆದರಿಕೆಯನ್ನು ಸ್ವಲ್ಪ ಕಳೆದರೂ ಅದು ಕನ್ನಡದ ಸೇವೆಯೇ.” ಈ ಮಾತು ನನಗೆ ಒಪ್ಪಿಗೆಯಾಯಿತು. ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಇಂಗ್ಲಿಷನ್ನೇ ಕಲಿಸಿ ವಯಸ್ಸನ್ನು ಕಳೆದವನು ನಾನು. ದಾರಿಯಲ್ಲಿ ಎದುರಾದ ತಂದೆತಾಯಿಗಳು ಇಂದಿಗೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: “ಮಾಸ್ಟ್ರೇ, ಕನ್ನಡ ಶಾಲೆಯಲ್ಲಿ ಓದಿದರೆ ಮಗುವಿಗೆ ಇಂಗ್ಲಿಷು ಬಂದೀತೇ?” ಈ ಪ್ರಶ್ನೆಗೆ ಇಂದು ಸಾವಕಾಶವಾಗಿ ಉತ್ತರ ಹೇಳಲು ಬಂದಿದ್ದೇನೆ.

ಉತ್ತರಕ್ಕೆ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ನಾನು ಹೊಸದಾಗಿ ಅಧ್ಯಾಪಕನಾಗಿದ್ದ ಕಾಲ. ಎಂಟನೆಯ ತರಗತಿಯ ಮಕ್ಕಳಿಗೆ ‘ನನ್ನ ತಂದೆ’ ಎಂಬ ವಿಷಯವಾಗಿ ಇಂಗ್ಲಿಷಿನಲ್ಲಿ ಕೆಲವು ವಾಕ್ಯಗಳನ್ನು ಬರೆಯಲು ಹೇಳಿದ್ದೆ. ಹೆಚ್ಚಿನವರು ಮಾರ್ಗದರ್ಶಿ ಪುಸ್ತಕದಿಂದ ಬಾಯಿಪಾಠ ಮಾಡಿದುದನ್ನು ಬರೆದಿದ್ದರು. ಒಬ್ಬ ಹುಡುಗ ಮಾತ್ರ ಸ್ವಂತವಾಗಿ ಬರೆದಿದ್ದನು. ಅವನ ಮೊದಲ ಎರಡು ವಾಕ್ಯಗಳು ಹೀಗಿದ್ದವು: “ಮೈ ಫಾದರ್ ಫಾರ್ಮರ್. ಹಿ ಮಾರ್ನಿಂಗ್ ಫೀಲ್ಡ್ ಗೋ.” ನಾನು ಅದನ್ನು ತರಗತಿಗೆಲ್ಲ ಕೇಳುವಂತೆ ಓದಿ ನಕ್ಕೆನು. ಮಕ್ಕಳೂ ನಕ್ಕರು. ಮರುದಿನ ಅವನು ಶಾಲೆಗೆ ಬರಲಿಲ್ಲ. ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಅವನ ತಂದೆ ಬಂದರು. ಗದ್ದೆಯಿಂದ ನೇರವಾಗಿ ಬಂದಿದ್ದರೆಂದು ಕಾಣುತ್ತದೆ, ಕಾಲಿನ ಕೆಸರು ಒಣಗಿರಲಿಲ್ಲ. ಕೋಪವೇನನ್ನೂ ತೋರಿಸದೆ ಅವರು ಕೇಳಿದುದು ಇಷ್ಟೇ: “ಮಾಸ್ಟ್ರೇ, ಅವ ಬರೆದದ್ದು ಸುಳ್ಳಾ?”

ನನ್ನಲ್ಲಿ ಉತ್ತರವಿರಲಿಲ್ಲ. ಅಂದು ಸಂಜೆ ಆ ಎರಡು ವಾಕ್ಯಗಳನ್ನು ಕನ್ನಡದಲ್ಲಿ ಬರೆದು ನೋಡಿದೆ. “ನನ್ನ ತಂದೆ ಕೃಷಿಕ. ಅವರು ಬೆಳಿಗ್ಗೆ ಗದ್ದೆಗೆ ಹೋಗುತ್ತಾರೆ.” ಎಲ್ಲಿಯೂ ದೋಷವಿಲ್ಲ. ಹುಡುಗನು ವ್ಯಾಕರಣವನ್ನು ಮುರಿದಿರಲಿಲ್ಲ. ಕನ್ನಡದ ವ್ಯಾಕರಣವನ್ನು ನಿಷ್ಠೆಯಿಂದ ಪಾಲಿಸಿದ್ದನು. ಕನ್ನಡದ ಹಳಿಯಿಂದ ಇಂಗ್ಲಿಷಿನ ಹಳಿಗೆ ಎಲ್ಲಿ ದಾಟಬೇಕೆಂಬುದನ್ನು ಹೇಳಿಕೊಡಬೇಕಾಗಿದ್ದವನು ನಾನು. ನಾನು ಅದನ್ನು ಹೇಳಿರಲಿಲ್ಲ.

ಆದುದರಿಂದ, ಮಕ್ಕಳೇ, ಇಂದಿನ ನನ್ನ ಪಾಠಕ್ಕೆ ಬೇರೆ ಪುಸ್ತಕ ಬೇಡ. ಆ ಹುಡುಗನ ಎರಡು ವಾಕ್ಯಗಳನ್ನೇ ನಾವೆಲ್ಲರೂ ಕೂಡಿ ತಿದ್ದೋಣ. ತಿದ್ದಿದಾಗ ಅವು ಹೀಗಾಗುತ್ತವೆ: “ಮೈ ಫಾದರ್ ಈಸ್ ಎ ಫಾರ್ಮರ್. ಹಿ ಗೋಸ್ ಟು ದಿ ಫೀಲ್ಡ್ ಇನ್ ದಿ ಮಾರ್ನಿಂಗ್.” ಈ ಎರಡು ವಾಕ್ಯಗಳಲ್ಲಿ ಇಂಗ್ಲಿಷಿನ ಮೊದಲ ಪಾಠಗಳಲ್ಲಿ ಬಹುಪಾಲು ಅಡಗಿವೆ. ಒಂದೊಂದಾಗಿ ನೋಡೋಣ.

ಮೊದಲನೆಯದು ‘ಈಸ್’ ಎಂಬ ಪದ. ಕನ್ನಡದಲ್ಲಿ ‘ಅವನು ಶಿಕ್ಷಕ’, ‘ಇದು ನಮ್ಮ ಮನೆ’ ಎಂದರೆ ವಾಕ್ಯ ಪೂರ್ಣವಾಯಿತು. ಅಲ್ಲಿ ಕ್ರಿಯಾಪದವು ಬೇಕಾಗಿಲ್ಲ. ಎರಡು ನಾಮಪದಗಳನ್ನು ಎದುರುಬದುರಾಗಿ ನಿಲ್ಲಿಸಿದರೆ ಸಾಕು, ಒಂದೇ ಇನ್ನೊಂದೆಂದು ಕೇಳುವವನು ತಿಳಿಯುತ್ತಾನೆ. ಇಂಗ್ಲಿಷಿನಲ್ಲಾದರೋ ಕ್ರಿಯಾಪದವಿಲ್ಲದೆ ಪೂರ್ಣ ವಾಕ್ಯವಾಗದು. ಮಾಡುವ ಕೆಲಸವೇನೂ ಇಲ್ಲದಿದ್ದಾಗಲೂ ‘ಇರುವಿಕೆ’ಯನ್ನು ಹೇಳುವ ಒಂದು ಪದವನ್ನು ನಡುವೆ ಇಡಲೇಬೇಕು. ಅದೇ ‘ಆಮ್’, ‘ಈಸ್’, ‘ಆರ್’. ಕನ್ನಡದಲ್ಲಿ ‘ನನಗೆ ಹಸಿವಾಗಿದೆ’ ಎನ್ನುತ್ತೇವೆ. ಹಸಿವು ನಮ್ಮ ಬಳಿಗೆ ಬಂದ ಅತಿಥಿ, ನಾವು ಚತುರ್ಥೀ ವಿಭಕ್ತಿಯಲ್ಲಿ ಅದನ್ನು ಬರಮಾಡಿಕೊಳ್ಳುವವರು. ಇಂಗ್ಲಿಷಿನವನು ‘ಐ ಆಮ್ ಹಂಗ್ರಿ’ ಎಂದು ತನ್ನನ್ನೇ ಕರ್ತೃವಾಗಿ ಮಾಡಿಕೊಳ್ಳುತ್ತಾನೆ. ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’ ಎಂಬುದೂ ಅಲ್ಲಿ ‘ಐ ಹ್ಯಾವ್ ಟೂ ಬ್ರದರ್ಸ್’ ಎಂದಾಗುತ್ತದೆ. ಆದುದರಿಂದ ಕನ್ನಡದಲ್ಲಿ ‘ನನಗೆ’ ಎಂದು ಆರಂಭವಾಗುವ ವಾಕ್ಯವನ್ನು ಇಂಗ್ಲಿಷಿಗೆ ತರುವಾಗ ಒಂದು ಕ್ಷಣ ನಿಲ್ಲಿರಿ. ಬಹಳ ಸಲ ಅಲ್ಲಿ ‘ಐ’ ಎಂದೇ ತೊಡಗಬೇಕಾಗುತ್ತದೆ.

ಎರಡನೆಯದು ‘ಎ’ ಮತ್ತು ‘ದಿ’ ಎಂಬ ಪುಟ್ಟ ಪದಗಳು. ಇವು ಕನ್ನಡದಲ್ಲಿಲ್ಲ, ಆದುದರಿಂದ ನಮಗೆ ಬಾರವು ಎಂದು ಅನೇಕರು ಹೇಳುತ್ತಾರೆ. ಆದರೆ ನಿಮ್ಮ ಅಜ್ಜಿ ಕಥೆ ಹೇಳುವುದನ್ನು ನೆನಪಿಸಿಕೊಳ್ಳಿರಿ. “ಒಂದೂರಿನಲ್ಲಿ ಒಬ್ಬ ರಾಜನಿದ್ದನು. ಆ ರಾಜನಿಗೆ ಒಬ್ಬಳು ಮಗಳು. ಆ ಮಗಳು ಒಂದು ಗಿಣಿಯನ್ನು ಸಾಕಿದಳು. ಆ ಗಿಣಿ...” ಕೇಳುವವನಿಗೆ ಪರಿಚಯವಿಲ್ಲದವನು ‘ಒಬ್ಬ’ ರಾಜ, ಪರಿಚಯವಾದ ಬಳಿಕ ‘ಆ’ ರಾಜ. ಇಂಗ್ಲಿಷಿನಲ್ಲಿ ಮೊದಲನೆಯದು ‘ಎ ಕಿಂಗ್’, ಎರಡನೆಯದು ‘ದಿ ಕಿಂಗ್’. ಅಜ್ಜಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಆದರೂ ನಿಯಮದ ತಿರುಳು ಅವಳ ಕಥೆಯಲ್ಲಿತ್ತು. ವ್ಯತ್ಯಾಸವಿರುವುದು ಇಷ್ಟರಲ್ಲಿ: ಕನ್ನಡದಲ್ಲಿ ಅರ್ಥವು ತಾನಾಗಿ ತಿಳಿಯುವಲ್ಲಿ ಈ ಪದಗಳನ್ನು ಬಿಡಬಹುದು, ಇಂಗ್ಲಿಷಿನಲ್ಲಿ, ಎಣಿಸಬಹುದಾದ ಒಂದೇ ವಸ್ತುವನ್ನು ಹೇಳುವಾಗ, ಸಾಮಾನ್ಯವಾಗಿ ಬಿಡಕೂಡದು.

‘ಎ’ ಎಲ್ಲಿ, ‘ಆ್ಯನ್’ ಎಲ್ಲಿ ಎಂಬುದೂ ಮಕ್ಕಳನ್ನು ಕಾಡುತ್ತದೆ. ಸ್ವರಾಕ್ಷರದ ಹಿಂದೆ ‘ಆ್ಯನ್’ ಎಂದು ಬಾಯಿಪಾಠ ಮಾಡುತ್ತಾರೆ. ಅಕ್ಷರವಲ್ಲ, ಧ್ವನಿಯೇ ಮುಖ್ಯ. ಗಂಟೆಯೆಂಬ ಅರ್ಥದ ಪದವು ‘ಎಚ್’ ಅಕ್ಷರದಿಂದ ಆರಂಭವಾದರೂ ಕೇಳಿಸುವುದು ‘ಅವರ್’ ಎಂದು. ಆದುದರಿಂದ ‘ಆ್ಯನ್ ಅವರ್’. ‘ಯೂನಿವರ್ಸಿಟಿ’ ಎಂಬ ಪದವು ‘ಯು’ ಎಂಬ ಸ್ವರಾಕ್ಷರದಿಂದ ತೊಡಗಿದರೂ ಕೇಳಿಸುವುದು ಯಕಾರ. ಆದುದರಿಂದ ‘ಎ ಯೂನಿವರ್ಸಿಟಿ’. ‘ಮನೆ’ಗೆ ‘ಅನ್ನು’ ಸೇರಿದಾಗ ಎರಡು ಸ್ವರಗಳು ಒಂದಕ್ಕೊಂದು ತಾಗದಂತೆ ನಡುವೆ ಯಕಾರವು ಬಂದು ‘ಮನೆಯನ್ನು’ ಎಂದಾಗುವುದನ್ನು ನೀವು ಆಗಮಸಂಧಿಯಲ್ಲಿ ಓದಿದ್ದೀರಿ. ಇಲ್ಲಿಯೂ ಫಲ ಅದೇ, ಸ್ವರಕ್ಕೆ ಸ್ವರ ತಾಗದಂತೆ ನಕಾರವು ನಿಲ್ಲುತ್ತದೆ. ಆದರೆ ಆ ನಕಾರವು ಹೊಸದಾಗಿ ಬಂದುದಲ್ಲ. ‘ಆ್ಯನ್’ ಎಂಬುದೇ ಹಳೆಯ ರೂಪ. ಅದು ‘ಒನ್’ ಎಂಬ ಸಂಖ್ಯಾಪದದ ಒಡಹುಟ್ಟು. ವ್ಯಂಜನದ ಮುಂದೆ ನಕಾರವು ಕಾಲಕ್ರಮದಲ್ಲಿ ಉದುರಿಹೋಗಿ ‘ಎ’ ಉಳಿಯಿತು.

ಮೂರನೆಯದು ಪದಗಳ ಕ್ರಮ. ಇದು ಎಲ್ಲಕ್ಕಿಂತ ಮುಖ್ಯವಾದ ಪಾಠ. ‘ಬೇಟೆಗಾರನು ಹುಲಿಯನ್ನು ಕೊಂದನು’ ಎಂದು ಹೇಳಿರಿ. ‘ಹುಲಿಯನ್ನು ಬೇಟೆಗಾರನು ಕೊಂದನು’ ಎಂದು ಹೇಳಿರಿ. ಯಕ್ಷಗಾನದ ಭಾಗವತರಂತೆ ‘ಕೊಂದನು ಹುಲಿಯನ್ನು ಬೇಟೆಗಾರನು’ ಎಂದರೂ ಸರಿ. ಮೂರರಲ್ಲಿಯೂ ಸತ್ತುದು ಹುಲಿಯೇ. ಏಕೆಂದರೆ ‘ಅನ್ನು’ ಎಂಬ ದ್ವಿತೀಯಾ ಪ್ರತ್ಯಯವು ಹುಲಿಯ ಕೊರಳಿಗೆ ಕಟ್ಟಿದ ಗಂಟೆಯಂತಿದೆ. ಅದು ಎಲ್ಲಿ ನಿಂತರೂ ಗುರುತು ಸಿಕ್ಕುತ್ತದೆ. ಇಂಗ್ಲಿಷಿನಲ್ಲಿ ‘ದಿ ಹಂಟರ್ ಕಿಲ್ಡ್ ದಿ ಟೈಗರ್’ ಎಂಬಲ್ಲಿ ಎರಡು ನಾಮಪದಗಳ ಸ್ಥಾನವನ್ನು ಬದಲಿಸಿ ನೋಡಿರಿ; ‘ದಿ ಟೈಗರ್ ಕಿಲ್ಡ್ ದಿ ಹಂಟರ್’. ಪಾಪ, ಬೇಟೆಗಾರನೇ ಸತ್ತನು! ಅಲ್ಲಿ ಪ್ರತ್ಯಯವಿಲ್ಲ, ಸ್ಥಾನವೇ ಪ್ರತ್ಯಯ. ಕ್ರಿಯಾಪದದ ಹಿಂದೆ ನಿಂತವನು ಕರ್ತೃ, ಮುಂದೆ ನಿಂತುದು ಕರ್ಮ. ಹಳೆಯ ಇಂಗ್ಲಿಷಿನಲ್ಲಿ ನಮ್ಮಂತೆಯೇ ವಿಭಕ್ತಿ ಪ್ರತ್ಯಯಗಳಿದ್ದವು. ಅವು ಸವೆದುಹೋದ ಮೇಲೆ ಪದಗಳ ಕ್ರಮವು ಬಿಗಿಯಾಯಿತು. ‘ಹಿ’ ಎಂಬುದು ‘ಹಿಮ್’ ಎಂದೂ, ‘ಐ’ ಎಂಬುದು ‘ಮಿ’ ಎಂದೂ ಬದಲಾಗುವುದರಲ್ಲಿ ಆ ಹಳೆಯ ವಿಭಕ್ತಿಗಳ ಗುರುತು ಇಂದಿಗೂ ಉಳಿದಿದೆ. ಕನ್ನಡದಲ್ಲಿ ಕರ್ತೃ, ಕರ್ಮ, ಕ್ರಿಯೆ ಎಂಬುದು ವಾಡಿಕೆಯ ಕ್ರಮ. ಇಂಗ್ಲಿಷಿನಲ್ಲಿ ಕರ್ತೃ, ಕ್ರಿಯೆ, ಕರ್ಮ ಎಂಬುದು ಕಟ್ಟುನಿಟ್ಟಿನ ಕ್ರಮ. ನಮ್ಮ ಹುಡುಗನು ‘ಗೋ’ ಎಂಬುದನ್ನು ವಾಕ್ಯದ ಕೊನೆಯಲ್ಲಿಟ್ಟಿದ್ದು ಈ ಕಾರಣದಿಂದಲೇ. ಅದನ್ನು ‘ಹಿ’ಯ ಪಕ್ಕಕ್ಕೆ ತಂದರೆ ವಾಕ್ಯದ ಅರ್ಧ ಕಾಯಿಲೆ ವಾಸಿಯಾಯಿತು.

ನಾಲ್ಕನೆಯದು ಕ್ರಿಯಾಪದದ ರೂಪ. ಇಲ್ಲಿ ಮೊದಲು ಒಂದು ಗೊಂದಲವನ್ನು ಕಳೆಯಬೇಕು. ಕನ್ನಡ ವ್ಯಾಕರಣದಲ್ಲಿ ‘ಪ್ರಥಮ ಪುರುಷ’ವೆಂದರೆ ಅವನು, ಅವಳು, ಅದು; ‘ಉತ್ತಮ ಪುರುಷ’ವೆಂದರೆ ನಾನು, ನಾವು. ಇಂಗ್ಲಿಷ್ ವ್ಯಾಕರಣದಲ್ಲಿ ‘ಫಸ್ಟ್ ಪರ್ಸನ್’ ಎಂದರೆ ನಾನು, ನಾವು; ‘ಥರ್ಡ್ ಪರ್ಸನ್’ ಎಂದರೆ ಅವನು, ಅವಳು, ಅದು. ‘ಪ್ರಥಮ’ವನ್ನು ‘ಫಸ್ಟ್’ ಎಂದು ಭಾವಿಸಿ ಜಾಣ ಮಕ್ಕಳೂ ಪರೀಕ್ಷೆಯಲ್ಲಿ ಎಡವುತ್ತಾರೆ. ಹೆಸರುಗಳು ತಲೆಕೆಳಗಾಗಿವೆ ಎಂಬುದನ್ನು ಇಂದೇ ಮನಸ್ಸಿನಲ್ಲಿಟ್ಟುಕೊಳ್ಳಿರಿ.

ಕನ್ನಡದಲ್ಲಿ ಹೋದನು, ಹೋದಳು, ಹೋದೆನು, ಹೋದಿರಿ ಎಂದು ಕ್ರಿಯಾಪದವೇ ಮಾಡಿದವರಾರೆಂಬುದನ್ನು ಹೇಳಿಬಿಡುತ್ತದೆ. ಆದುದರಿಂದ ‘ನಾನು’ ಎನ್ನದೆ ಬರಿದೆ ‘ಹೋದೆನು’ ಎಂದರೂ ಸಾಕು. ಇಂಗ್ಲಿಷಿನಲ್ಲಿ ‘ವೆಂಟ್’ ಎಂಬುದು ಎಲ್ಲರಿಗೂ ಒಂದೇ. ಹಾಗಾಗಿ ಅಲ್ಲಿ ‘ಐ’, ‘ಹಿ’, ‘ಶಿ’ ಎಂಬ ಕರ್ತೃವನ್ನು ಬಿಡುವಂತಿಲ್ಲ. ಇದನ್ನು ತಿಳಿಯಲು ಕಾಸರಗೋಡಿನ ಮಗುವಿಗೆ ಬೇರೆಡೆಯ ಮಗುವಿಗಿಂತ ಒಂದು ಅನುಕೂಲ ಹೆಚ್ಚಾಗಿದೆ. ನಿಮ್ಮ ನೆರೆಮನೆಯ ಮಲೆಯಾಳವನ್ನು ಗಮನಿಸಿರಿ: ‘ಅವನ್ ಪೋಯಿ’, ‘ಅವಳ್ ಪೋಯಿ’, ‘ಞಾನ್ ಪೋಯಿ’. ಅಲ್ಲಿಯೂ ಕ್ರಿಯಾಪದವು ಬದಲಾಗದು! ‘ಪೋಯಿ’ ಇರುವಂತೆಯೇ ‘ವೆಂಟ್’. ಸಪ್ತಭಾಷೆಗಳ ಸಂಗಮವೆಂದು ನಾವು ಈ ನೆಲವನ್ನು ಹೊಗಳುತ್ತೇವೆ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡವನ್ನು ಓದಿ, ಪೇಟೆಯಲ್ಲಿ ಮಲೆಯಾಳದಲ್ಲಿ ವ್ಯವಹರಿಸುವ ಮಗುವು ಒಂದು ವ್ಯಾಕರಣದಿಂದ ಇನ್ನೊಂದಕ್ಕೆ ದಿನಕ್ಕೆ ಹತ್ತು ಸಲ ದಾಟುತ್ತದೆ. ತುಳುವಿನಲ್ಲಿ ಕೇಳುವವನನ್ನು ಸೇರಿಸಿಕೊಂಡ ‘ನಮ’ ಬೇರೆ, ಅವನನ್ನು ಬಿಟ್ಟ ‘ಎಂಕುಳು’ ಬೇರೆ. ಕನ್ನಡಕ್ಕೆ ಬಂದಾಗ ಎರಡೂ ‘ನಾವು’. ಆ ಸೂಕ್ಷ್ಮವನ್ನು ಯಾರೂ ಹೇಳಿಕೊಡದೆ ಕಲಿತ ಮಗುವಿಗೆ ‘ಗೋ’ ಮತ್ತು ‘ಗೋಸ್’ ಎಂಬುವುಗಳ ಭೇದವು ಅಸಾಧ್ಯವೆಂದು ಹೇಗೆ ಹೇಳೋಣ?

ಆ ‘ಗೋಸ್’ ಎಂಬಲ್ಲಿಯ ಸಕಾರವನ್ನೂ ನೋಡಿಬಿಡೋಣ. ವರ್ತಮಾನ ಕಾಲದಲ್ಲಿ ಅವನು, ಅವಳು, ಅದು ಎಂಬ ಏಕವಚನದ ಕರ್ತೃವಿದ್ದಾಗ ಮಾತ್ರ ಸಾಮಾನ್ಯ ಕ್ರಿಯಾಪದದ ಕೊನೆಗೆ ‘ಎಸ್’ ಬರುತ್ತದೆ. ಪುರುಷವಚನಗಳಿಗೆ ಕನ್ನಡದಲ್ಲಿರುವಷ್ಟು ಪ್ರತ್ಯಯಗಳಿಗೆ ಬದಲಾಗಿ ಅಲ್ಲಿ ಉಳಿದಿರುವುದು ಆ ಒಂದೇ ಒಂದು. ಅದನ್ನು ಮರೆಯುವುದು ಸುಲಭ, ನೆನಪಿಡುವುದೂ ಸುಲಭ. ಪ್ರಶ್ನೆ ಕೇಳುವಾಗ ಆ ‘ಎಸ್’ ಮುಂದಕ್ಕೆ ಹೋಗಿ ‘ಡಸ್’ ಎಂಬುದರಲ್ಲಿ ಸೇರಿಕೊಳ್ಳುತ್ತದೆ: ‘ಡಸ್ ಹಿ ಗೋ?’ ಕನ್ನಡದಲ್ಲಿ ‘ಹೋಗುತ್ತಾನೆಯೇ?’ ಎಂದು ಏಕಾರವನ್ನು ಕೊನೆಗೆ ಸೇರಿಸಿದರೆ ಪ್ರಶ್ನೆಯಾಯಿತು. ಇಂಗ್ಲಿಷಿನಲ್ಲಿ ಪ್ರಶ್ನೆಯ ಗುರುತು ಬಾಗಿಲಲ್ಲಿಯೇ ನಿಂತಿರುತ್ತದೆ. ಇನ್ನು, ತಂದೆಯನ್ನು ‘ಹಿ’ ಎಂದರೆ ಅಗೌರವವಾಯಿತೆಂದು ಭಾವಿಸಬೇಡಿರಿ. ಗೌರವಕ್ಕಾಗಿ ಬಹುವಚನವನ್ನು ಬಳಸುವ ‘ಅವರು’ ಎಂಬ ನಮ್ಮ ಪದ್ಧತಿ ಅಲ್ಲಿಲ್ಲ.

ಕಾಲಗಳ ವಿಷಯವಾಗಿ ಒಂದೆರಡು ಮಾತು. ‘ಹೋಗುತ್ತಾರೆ’ ಎಂದರೆ ದಿನದ ರೂಢಿ. ‘ಹೋಗುತ್ತಿದ್ದಾರೆ’ ಎಂದರೆ ಈಗ ನಡೆಯುತ್ತಿರುವುದು. ಮೊದಲನೆಯದಕ್ಕೆ ‘ಗೋಸ್’, ಎರಡನೆಯದಕ್ಕೆ ‘ಈಸ್ ಗೋಯಿಂಗ್’. ಕನ್ನಡದಲ್ಲಿ ‘ನಾಳೆ ಹೋಗುತ್ತಾರೆ’ ಎಂದು ಅದೇ ರೂಪವನ್ನು ಭವಿಷ್ಯತ್ತಿಗೂ ಬಳಸುವುದರಿಂದ ಮಕ್ಕಳು ಅಲ್ಲಿ ‘ವಿಲ್’ ಎಂಬುದನ್ನು ಮರೆಯುತ್ತಾರೆ. ಭೂತಕಾಲದಲ್ಲಿ ‘ಗೋ’ ಎಂಬುದು ‘ವೆಂಟ್’ ಎಂದೂ, ‘ಈಟ್’ ಎಂಬುದು ‘ಏಟ್’ ಎಂದೂ ಮನಬಂದಂತೆ ಬದಲಾಗುತ್ತವೆಂದು ದೂರುತ್ತೀರಿ. ಕನ್ನಡದಲ್ಲಿ ‘ಮಾಡು’ ಎಂಬುದು ‘ಮಾಡಿದನು’ ಎಂದಾದರೆ, ‘ಕೊಡು’ ಎಂಬುದು ‘ಕೊಡಿದನು’ ಎಂದಾಗದೆ ‘ಕೊಟ್ಟನು’ ಎಂದಾಗುತ್ತದೆ. ‘ಬೀಳು’ ಎಂಬುದು ‘ಬಿದ್ದನು’, ‘ಬರು’ ಎಂಬುದು ‘ಬಂದನು’. ಇವನ್ನು ಪಟ್ಟಿ ಮಾಡಿ ಯಾರಾದರೂ ಉರುಹೊಡೆದಿರಾ? ಕೇಳಿ ಕೇಳಿ, ಆಡಿ ಆಡಿ ಬಂದವು. ಇಂಗ್ಲಿಷಿನವೂ ಹಾಗೆಯೇ ಬರಬೇಕು. ಪಟ್ಟಿಗಿಂತ ಓದುವಿಕೆಯೇ ಅದಕ್ಕೆ ಉತ್ತಮ ದಾರಿ.

ಐದನೆಯದು ‘ಟು’, ‘ಇನ್’ ಮೊದಲಾದ ಪದಗಳು. ಕನ್ನಡದಲ್ಲಿ ‘ಗದ್ದೆಗೆ’ ಎಂದು ನಾಮಪದದ ಹಿಂದೆ ಅಂಟಿಕೊಳ್ಳುವ ಪ್ರತ್ಯಯದ ಕೆಲಸವನ್ನು ಇಂಗ್ಲಿಷಿನಲ್ಲಿ ನಾಮಪದಕ್ಕೆ ಮೊದಲೇ ಬರುವ ಬಿಡಿಪದವು ಮಾಡುತ್ತದೆ. ಕಷ್ಟವಿರುವುದು ಸಪ್ತಮಿಯಲ್ಲಿ. ‘ಕಾಸರಗೋಡಿನಲ್ಲಿ’, ‘ಗೋಡೆಯಲ್ಲಿ’, ‘ಬಾಗಿಲಲ್ಲಿ’ ಎಂದು ನಮಗೆ ‘ಅಲ್ಲಿ’ ಒಂದೇ ಸಾಕು. ಇಂಗ್ಲಿಷಿನಲ್ಲಿ ಇವು ಮೂರು. ಒಳಗಿರುವುದಕ್ಕೆ ‘ಇನ್’: ‘ಇನ್ ಕಾಸರಗೋಡ್’. ಮೇಲ್ಮೈಗೆ ತಗಲಿರುವುದಕ್ಕೆ ‘ಆನ್’: ‘ಆನ್ ದಿ ವಾಲ್’. ಒಂದು ಬಿಂದುವಿನಂತೆ ಭಾವಿಸಿದ ತಾಣಕ್ಕೆ ‘ಆ್ಯಟ್’: ‘ಆ್ಯಟ್ ದಿ ಡೋರ್’. ಕಾಲಕ್ಕೂ ಇದೇ ಹಂಚಿಕೆ. ಬೆಳಗು, ತಿಂಗಳು, ವರ್ಷ ಮುಂತಾದ ವಿಶಾಲ ಕಾಲಕ್ಕೆ ‘ಇನ್’. ಸೋಮವಾರ, ಮಂಗಳವಾರವೆಂಬ ದಿನಕ್ಕೆ ‘ಆನ್’. ಆರು ಗಂಟೆಯೆಂಬ ಬಿಂದುವಿಗೆ ‘ಆ್ಯಟ್’. ಎಲ್ಲ ಪ್ರಯೋಗಗಳನ್ನೂ ಇದು ಒಳಗೊಳ್ಳದು. ಆದರೂ ಹತ್ತರಲ್ಲಿ ಏಳೆಂಟು ಕಡೆ ನಿಮ್ಮ ಕೈಹಿಡಿದೀತು.

ಅಲ್ಲಿಗೆ ಆ ಹುಡುಗನ ವಾಕ್ಯಗಳು ಪೂರ್ಣವಾದವು. ನಾಮಪದ, ಸರ್ವನಾಮ, ಕ್ರಿಯಾಪದ, ವಚನ, ಕಾಲ, ಪುರುಷ, ವಿಭಕ್ತಿ, ಪದಕ್ರಮ ಇವೆಲ್ಲವನ್ನೂ ನೋಡಿದೆವು. ಇವುಗಳಲ್ಲಿ ಒಂದನ್ನಾದರೂ ಕನ್ನಡದ ಹಂಗಿಲ್ಲದೆ ವಿವರಿಸಲು ನನಗೆ ಆಗಲಿಲ್ಲವೆಂಬುದನ್ನು ಗಮನಿಸಿರಿ.

ವಾಕ್ಯವು ಸರಿಯಾದರೂ ಅದನ್ನು ಬರೆಯುವಾಗ ಕಾಗುಣಿತವು ಕಾಡುತ್ತದೆ. ಇಂಗ್ಲಿಷಿಗೆ ಅಕ್ಷರಗಳು ೨೬. ಧ್ವನಿಗಳಾದರೋ ನಾಲ್ವತ್ತಕ್ಕೂ ಮಿಗಿಲು. ನಮ್ಮ ೪೯ ಅಕ್ಷರಗಳ ವರ್ಣಮಾಲೆಯಲ್ಲಿ ಬರೆದಂತೆ ಓದುವ ಮಗುವಿಗೆ, ಚಾಕುವನ್ನು ‘ನೈಫ್’ ಎಂದು ಹೇಳಿ ‘ಕೆ’ ಅಕ್ಷರದಿಂದ ಬರೆಯುವುದು ಅನ್ಯಾಯವೆಂದೇ ತೋರುತ್ತದೆ. ಆದರೆ ಆ ‘ಕೆ’ ಒಂದು ಕಾಲದಲ್ಲಿ ಉಚ್ಚಾರವಾಗುತ್ತಿತ್ತು. ಕ್ಯಾಕ್ಸ್‌ಟನ್ ಎಂಬವನು ೧೪೭೬ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿದನು. ಅಚ್ಚಿನಿಂದಾಗಿ ಬರವಣಿಗೆಯ ರೂಪಗಳು ಕ್ರಮವಾಗಿ ನಿಂತುಹೋದವು. ನಾಲಗೆಯ ಮಾತ್ರ ನಿಲ್ಲದೆ ಬದಲಾಗುತ್ತ ಹೋಯಿತು. ಹೀಗೆ ಸತ್ತ ಧ್ವನಿಗಳ ಅಕ್ಷರಗಳು ಉಳಿದುಕೊಂಡವು. ಕನ್ನಡದಲ್ಲಿಯೂ ಧ್ವನಿಗಳು ಸತ್ತಿವೆ. ಹಳಗನ್ನಡದ ‘ೞ’ ಎಂಬುದು ‘ಳ’ ಆಯಿತು, ‘ಱ’ ಎಂಬುದು ‘ರ’ ಆಯಿತು; ಧ್ವನಿ ಹೋದ ಮೇಲೆ ನಾವು ಅಕ್ಷರವನ್ನೂ ಬಿಟ್ಟೆವು. ಹಿಂದಿನ ‘ಮೞೆ’ ಇಂದು ‘ಮಳೆ’. ಆ ಹಳೆಯ ಧ್ವನಿಯನ್ನು ಕೇಳಬೇಕೆಂದಿದ್ದರೆ ದೂರ ಹೋಗಬೇಕಾಗಿಲ್ಲ. ಮಲೆಯಾಳದಲ್ಲಿ ಮಳೆಯನ್ನು ‘ಮೞ’ ಎನ್ನುವಾಗ ಅದು ಇಂದಿಗೂ ಕೇಳಿಸುತ್ತದೆ. ನಾವು ಬಿಟ್ಟುಕೊಟ್ಟೆವು, ಇಂಗ್ಲಿಷಿನವರು ಇಟ್ಟುಕೊಂಡರು; ಭೇದವಿಷ್ಟೇ.

ಕಾಗುಣಿತದಲ್ಲಿ ನಿಯಮವೇ ಇಲ್ಲವೆಂದೂ ಅಲ್ಲ. ‘ಎಚ್, ಎ, ಟಿ’ ಎಂದರೆ ‘ಹ್ಯಾಟ್’. ಕೊನೆಗೊಂದು ‘ಇ’ ಸೇರಿಸಿದರೆ ‘ಹೇಟ್’. ‘ಕಿಟ್’ ಎಂಬುದು ‘ಕೈಟ್’ ಆಗುತ್ತದೆ, ‘ನಾಟ್’ ಎಂಬುದು ‘ನೋಟ್’ ಆಗುತ್ತದೆ. ಆ ‘ಇ’ ತಾನು ಕೇಳಿಸದು. ನಮ್ಮ ಗುಣಿತದ ಚಿಹ್ನೆಯಂತೆ ಹಿಂದಿನ ಸ್ವರವನ್ನು ಬದಲಾಯಿಸುವುದೇ ಅದರ ಕೆಲಸ. ಇಂತಹ ಹತ್ತು ಹನ್ನೆರಡು ಸೂತ್ರಗಳನ್ನು ಕಲಿತರೆ ನೂರಾರು ಪದಗಳು ತಾವಾಗಿ ಒಲಿಯುತ್ತವೆ. ಉಳಿದುವನ್ನು ಕಣ್ಣಿನಿಂದಲೂ ಕೈಯಿಂದಲೂ ಅಭ್ಯಾಸ ಮಾಡಿಕೊಳ್ಳಬೇಕು.

ಅಭ್ಯಾಸವನ್ನು ಕುರಿತು ಮೂರು ಸಲಹೆಗಳನ್ನು ಕೊಡುತ್ತೇನೆ. ದಿನಕ್ಕೊಂದು ಪುಟವನ್ನು ಗಟ್ಟಿಯಾಗಿ ಓದಿರಿ. ಕಿವಿಗೆ ಬೀಳದ ಭಾಷೆ ನಾಲಗೆಗೆ ಬಾರದು. ದಿನಕ್ಕೆ ಐದು ವಾಕ್ಯಗಳನ್ನು ಸ್ವಂತವಾಗಿ ಬರೆಯಿರಿ. ಮನೆಯ ವಿಷಯ, ತೋಟದ ವಿಷಯ, ಕಂಡುದು, ಕೇಳಿದುದು ಯಾವುದಾದರೂ ಆಗಲಿ. ತಪ್ಪಾದರೆ ಆಗಲಿ, ಬಾಯಿಪಾಠದ ಸರಿಗಿಂತ ಸ್ವಂತದ ತಪ್ಪು ಮೇಲು. ಮೂರನೆಯದಾಗಿ, ಒಂದು ಚಿಕ್ಕ ಕನ್ನಡ ಗದ್ಯಭಾಗವನ್ನು ಇಂಗ್ಲಿಷಿಗೆ ತಂದು, ಎರಡು ದಿನ ಬಿಟ್ಟು, ಮೂಲವನ್ನು ನೋಡದೆ ಮತ್ತೆ ಕನ್ನಡಕ್ಕೆ ತನ್ನಿರಿ. ಎಲ್ಲಿ ಅರ್ಥವು ಸೋರಿಹೋಯಿತೋ ಅಲ್ಲಿಯೇ ನೀವು ಕಲಿಯಬೇಕಾದ ಪಾಠವಿದೆ.

ಎರಡು ಭಾಷೆಗಳು ಒಂದನ್ನೊಂದು ಕೊಲ್ಲುತ್ತವೆಂಬ ಮಾತಿಗೆ ನಮ್ಮ ಕರಾವಳಿಯಲ್ಲಿಯೇ ಉತ್ತರವಿದೆ. ಜರ್ಮನಿಯಿಂದ ೧೮೫೩ರಲ್ಲಿ ಬಂದ ಕಿಟ್ಟೆಲರಿಗೆ ಕನ್ನಡವೂ ಮಾತೃಭಾಷೆಯಲ್ಲ, ಇಂಗ್ಲಿಷೂ ಮಾತೃಭಾಷೆಯಲ್ಲ. ಅವರ ಕನ್ನಡ ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಇಂದಿಗೂ ವಿದ್ವಾಂಸರು ಅದನ್ನು ತೆರೆಯುತ್ತಾರೆ. ಮೈಸೂರು ಸೀಮೆಯಲ್ಲಿ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಎಂಬ ಕೃತಿಯಿಂದ ಕನ್ನಡದ ಹೊಸ ಕಾವ್ಯಕ್ಕೆ ದಾರಿಮಾಡಿದರು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಅನೇಕ ಭಾಷೆಗಳನ್ನು ಬಲ್ಲವರಾಗಿದ್ದರು. ಅವರ ಕನ್ನಡವು ಅದರಿಂದ ಬಡವಾಗಲಿಲ್ಲ. ಒಂದು ಭಾಷೆಯಲ್ಲಿ ಬೇರುಬಿಟ್ಟವನಿಗೆ ಇನ್ನೊಂದು ಭಾಷೆ ಫಲವನ್ನು ಕೊಡುತ್ತದೆ.

ಇನ್ನು ತಾಯ್ತಂದೆಗಳೊಡನೆ ಎರಡು ಮಾತು. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ ಸೇರಿಸಿದ ೩೫೦ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸಾಕಷ್ಟು ಸೌಕರ್ಯವನ್ನು ಒದಗಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಆದರೆ ಬೆಂಚಿನಲ್ಲಿ ಮಕ್ಕಳಿಲ್ಲದಿದ್ದರೆ ವಿಧಿಯು ಪುಸ್ತಕದಲ್ಲಿಯೇ ಉಳಿಯುತ್ತದೆ. ಮಗುವಿಗೆ ಒಳ್ಳೆಯ ಇಂಗ್ಲಿಷು ಬೇಕೆಂಬ ನಿಮ್ಮ ಆಸೆ ತಪ್ಪಲ್ಲ; ನನ್ನ ಮಕ್ಕಳ ವಿಷಯದಲ್ಲಿ ನನಗೂ ಅದೇ ಆಸೆಯಿತ್ತು. ಆದರೆ ಅದಕ್ಕಾಗಿ ಶಾಲೆಯನ್ನು ಬಿಡಿಸುವ ಮೊದಲು, ಇದೇ ಕನ್ನಡ ಶಾಲೆಯಲ್ಲಿ ಇಂಗ್ಲಿಷನ್ನು ಚೆನ್ನಾಗಿ ಕಲಿಸಿರೆಂದು ಕೇಳಿರಿ, ಹಟಹಿಡಿದು ಕೇಳಿರಿ. ಕನ್ನಡ ತಿಳಿಯದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಕವಾದ ಪ್ರಸಂಗಗಳನ್ನು ನೀವು ಕಂಡಿದ್ದೀರಿ. ಅದರ ನಷ್ಟವು ಕನ್ನಡಕ್ಕೆ ಮಾತ್ರವಲ್ಲ. ಹುಲಿಯನ್ನೂ ಬೇಟೆಗಾರನನ್ನೂ, ಅಜ್ಜಿಯ ಕಥೆಯ ‘ಒಬ್ಬ’ ರಾಜನನ್ನೂ ‘ಆ’ ರಾಜನನ್ನೂ ತೋರಿಸಿ ಪಾಠ ಹೇಳಲಾಗದ ಅಧ್ಯಾಪಕನು ನಮ್ಮ ಮಗುವಿಗೆ ಇಂಗ್ಲಿಷನ್ನಾದರೂ ಹೇಗೆ ಕಲಿಸಿಯಾನು? ಮಗುವಿನ ತಪ್ಪು ಎಲ್ಲಿಂದ ಬಂತೆಂಬುದನ್ನು ಅರಿಯಬೇಕಾದರೆ ಮಗುವಿನ ಭಾಷೆಯನ್ನು ಅರಿತಿರಬೇಕು.

ನನಗೆ ಆ ಭಾಷೆ ತಿಳಿದಿತ್ತು. ಆದರೂ ನಾನು ಅರಿಯಲಿಲ್ಲ. ಅದಕ್ಕಾಗಿಯೇ ನನ್ನ ತಪ್ಪು ದೊಡ್ಡದು. ಆ ಹುಡುಗನು ಶಾಲೆಗೆ ಮರಳಿ ಬಂದನು, ಹತ್ತನೆಯ ತರಗತಿಯಲ್ಲಿ ತೇರ್ಗಡೆಯೂ ಆದನು. ಆದರೆ ನನ್ನ ತರಗತಿಯಲ್ಲಿ ಮತ್ತೆಂದೂ ಸ್ವಂತದ ಒಂದು ವಾಕ್ಯವನ್ನೂ ಬರೆಯಲಿಲ್ಲ. ಬಾಯಿಪಾಠದ ವಾಕ್ಯಗಳನ್ನು ಒಂದಕ್ಷರವೂ ತಪ್ಪದಂತೆ ಬರೆಯುತ್ತಿದ್ದನು. ನಾನು ಅವುಗಳಿಗೆ ಪೂರ್ಣ ಅಂಕಗಳನ್ನು ಕೊಡುತ್ತಿದ್ದೆನು. ಹಾಗೆ ಕೊಟ್ಟ ಅಂಕಗಳನ್ನು ನೆನೆದಾಗ ಇಂದಿಗೂ ನಾಚಿಕೆಯಾಗುತ್ತದೆ. ಅವನು ಈಗ ಎಲ್ಲಿದ್ದಾನೋ ಅರಿಯೆ. ಈ ಸಭೆಯಲ್ಲಿದ್ದರೆ, ಅವನ ತಂದೆಯವರು ಕೇಳಿದ ಪ್ರಶ್ನೆಗೆ ಅಂದು ಕೊಡದ ಉತ್ತರವನ್ನು ಇಂದು ಕೊಡುತ್ತೇನೆ: ನೀನು ಬರೆದುದು ಸುಳ್ಳಲ್ಲ, ಮಗು. ಅದರಲ್ಲಿ ಕನ್ನಡವು ಪೂರ್ತಿಯಾಗಿತ್ತು. ಇಂಗ್ಲಿಷಿಗೆ ಆರೇಳು ಸಣ್ಣ ಪದಗಳು ಮಾತ್ರ ಬಾಕಿಯಿದ್ದವು. ಅವನ್ನು ಹೇಳಿಕೊಡಬೇಕಾಗಿದ್ದವನು ನಾನು.

ವಿದ್ಯಾರ್ಥಿಗಳೇ, ಮನೆಗೆ ಹೋದ ಮೇಲೆ ಇಂದು ರಾತ್ರಿ ನಿಮ್ಮ ತಂದೆಯನ್ನೋ ತಾಯಿಯನ್ನೋ ಕುರಿತು ಐದು ವಾಕ್ಯಗಳನ್ನು ಸ್ವಂತವಾಗಿ ಇಂಗ್ಲಿಷಿನಲ್ಲಿ ಬರೆಯಿರಿ. ನಾಳೆ ಕವಿಗೋಷ್ಠಿಯ ಬಳಿಕ ಈ ಮಂಟಪದ ಹಿಂದಣ ಜಗಲಿಯಲ್ಲಿ ನಾನು ಕುಳಿತಿರುತ್ತೇನೆ. ತಂದು ತೋರಿಸಿರಿ, ನಗದೆ ತಿದ್ದಿಕೊಡುತ್ತೇನೆ.